ಬದಿಗಿಟ್ಟ ಫೈಲುಗಳು

ರೆಕಾರ್ಡ್ ರೂಮಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರ ಕೈಗೆ ಒಂದು ಅಂದಾಜು ಬಂದುಬಿಟ್ಟಿರುತ್ತದೆ. ರ್‍ಯಾಕಿನಿಂದ ಫೈಲು ಎಳೆಯುತ್ತಿದ್ದಂತೆ, ಇನ್ನೂ ಬಿಚ್ಚುವ ಮೊದಲೇ, ಇವರು ಬಹಳ ಸಲ ಬಂದುಹೋದವರು, ಇವರು ಒಂದೇ ಸಲ ಬಂದವರು ಎಂದು ಗೊತ್ತಾಗುತ್ತದೆ. ಕ್ಯಾನ್ಸರ್ ಆಸ್ಪತ್ರೆಯ ದಪ್ಪ ಫೈಲಿನಲ್ಲಿ ಬಯಾಪ್ಸಿ ರಿಪೋರ್ಟು, ಸ್ಕ್ಯಾನು, ರಕ್ತಪರೀಕ್ಷೆಯ ಬಣ್ಣಬಣ್ಣದ ಚೀಟಿಗಳು, ರೇಡಿಯೇಷನ್ ಚಾರ್ಟು, ಆಮೇಲೆ ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡ ಹಾಳೆಗಳು ಒಂದರ ಮೇಲೊಂದು ಕೂತಿರುತ್ತವೆ. ಟ್ಯಾಗ್ ದಾರ ಸಾಲದೆ ಇನ್ನೊಂದನ್ನು ಗಂಟು ಹಾಕಿರುತ್ತಾರೆ. ತೆಳು ಫೈಲಿನಲ್ಲಿ ಒ.ಪಿ. ಚೀಟಿ, ಬಯಾಪ್ಸಿಯ ಒಂದು ಹಾಳೆ, ರೇಡಿಯೇಷನ್‌ಗೆ ಸೋಮವಾರ ಬರುವುದು ಎಂದು ವೈದ್ಯರು ಅವಸರದಲ್ಲಿ ಗೀಚಿದ ಸಾಲು. ಅದರ ಕೆಳಗೆ ಖಾಲಿ.

ಇಪ್ಪತ್ತು ವರ್ಷದ ಹಿಂದೆ ನನಗೆ ಮೊದಲ ಸಲ ಒಂದು ಬದುಕುಳಿಕೆಯ ಅಧ್ಯಯನಕ್ಕೆ ಫೈಲು ಆರಿಸುವ ಕೆಲಸ ಕೊಟ್ಟರು. ಗರ್ಭಕೊರಳಿನ ಕ್ಯಾನ್ಸರ್ ಎಂದು ಪತ್ತೆಯಾದ ಹೆಂಗಸರಲ್ಲಿ ಐದು ವರ್ಷದ ಮೇಲೆ ಎಷ್ಟು ಮಂದಿ ಬದುಕಿರುತ್ತಾರೆ ಎಂಬುದು ಪ್ರಶ್ನೆ. ಆಸ್ಪತ್ರೆ ಯಾವುದೆಂಬುದು ಇಲ್ಲಿ ಬೇಡ, ಏಕೆಂದರೆ ತಪ್ಪು ನನ್ನದು. ನಾನು ಎರಡು ರಾಶಿ ಮಾಡಿದೆ. ಮಾಹಿತಿ ಪೂರ್ತಿ ಇರುವ ಫೈಲುಗಳು ಮೇಜಿನ ಮೇಲೆ, ಇಲ್ಲದವು ನೆಲದ ಮೇಲೆ. ಮಾಹಿತಿ ಪೂರ್ತಿ ಇರಬೇಕು ಎನ್ನುವುದು ಅಚ್ಚುಕಟ್ಟಾದ ನಿಯಮ ಎಂದೇ ನನಗೆ ಅನ್ನಿಸಿತ್ತು. ಹಂತ ಬರೆದಿಲ್ಲದ, ಚಿಕಿತ್ಸೆ ಏನು ಕೊಟ್ಟರೆಂದು ತಿಳಿಯದ, ಎರಡನೇ ಭೇಟಿಯೇ ಇಲ್ಲದ ಫೈಲು ಇಟ್ಟುಕೊಂಡು ಯಾರು ಏನು ಲೆಕ್ಕ ಮಾಡಲು ಸಾಧ್ಯ? ಮೂರು ವಾರ ಕೂತು ಆರಿಸಿದೆ. ಲೆಕ್ಕ ಹಾಕಿದಾಗ ಫಲಿತಾಂಶ ಎಲ್ಲರೂ ಹುಬ್ಬೇರಿಸುವಷ್ಟು ಚೆನ್ನಾಗಿ ಬಂತು.

ನಮ್ಮ ಸಂಖ್ಯಾಶಾಸ್ತ್ರ ವಿಭಾಗದಲ್ಲಿ ನಿವೃತ್ತಿಗೆ ಹತ್ತಿರವಿದ್ದ ಹಿರಿಯರೊಬ್ಬರಿದ್ದರು. ಅವರು ನನ್ನ ಗ್ರಾಫನ್ನು ನೋಡಲಿಲ್ಲ. ನೆಲದ ಮೇಲಿನ ರಾಶಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಫೈಲು ಎತ್ತಿ ನೋಡಿದರು. “ಇವರೆಲ್ಲ ಎಲ್ಲಿಗೆ ಹೋದರಮ್ಮ?” ಎಂದು ಕೇಳಿದರು. ಗೊತ್ತಿಲ್ಲ ಸಾರ್, ಅದಕ್ಕೇ ಬಿಟ್ಟಿದ್ದೇನೆ ಎಂದೆ. “ಗೊತ್ತಿಲ್ಲ ಅನ್ನೋದು ನಿನ್ನ ವಿಷಯ. ಅವರ ವಿಷಯ ಏನು?” ಎಂದರು.

ಆ ಮಾತು ಆಗ ಚುಚ್ಚಿತು, ಅರ್ಥವಾಗಲಿಲ್ಲ. ಅವರೇ ಒಂದು ಹಾಳೆ ತೆಗೆದುಕೊಂಡು ಲೆಕ್ಕ ಬರೆದು ತೋರಿಸಿದರು. ನೂರು ಹೆಂಗಸರು ಎಂದಿಟ್ಟುಕೊಳ್ಳೋಣ. ಐವತ್ತು ಮಂದಿಯ ಸುದ್ದಿ ಕೊನೆಯವರೆಗೂ ಗೊತ್ತಿದೆ. ಐದು ವರ್ಷದ ಹೊತ್ತಿಗೆ ಅವರಲ್ಲಿ 25 ಮಂದಿ ಬದುಕಿದ್ದಾರೆ. ಶೇ. 50 ಎಂದು ಬರೆಯುತ್ತೇವೆ. ಉಳಿದ ಐವತ್ತು ಮಂದಿ ಮೊದಲ ಭೇಟಿಯ ನಂತರ ಕಾಣಲಿಲ್ಲ. ನಿಜವಾಗಿ ಅವರಲ್ಲಿ 35 ಮಂದಿ ತೀರಿಕೊಂಡು 15 ಮಂದಿ ಉಳಿದಿದ್ದರೆ, ನೂರಕ್ಕೆ ಬದುಕಿದವರು 40. ನಾವು ಪ್ರಕಟಿಸುವುದು 50. ಆ ಹತ್ತು ಯಾವ ಔಷಧಿಯಿಂದ ಬಂದದ್ದೂ ಅಲ್ಲ, ನಾನು ಫೈಲು ನೆಲಕ್ಕಿಟ್ಟದ್ದರಿಂದ ಬಂದದ್ದು.

ಫೈಲು ದಪ್ಪವಾಗಬೇಕಾದರೆ ಆ ಮನುಷ್ಯರು ಮತ್ತೆ ಮತ್ತೆ ಬರಬೇಕು. ಮತ್ತೆ ಮತ್ತೆ ಬರಬೇಕಾದರೆ ಬದುಕಿರಬೇಕು. ಹಾಗಿರುವಾಗ ಪೂರ್ತಿಯಾದ ಫೈಲು ಬೇಕು ಎಂಬ ನನ್ನ ನಿಯಮ ಬದುಕಿದವರೇ ಬೇಕು ಎಂದು ಕೇಳಿದಂತೆಯೇ ಆಗಿತ್ತು. ಉತ್ತರವನ್ನು ಒಳಗಿಟ್ಟುಕೊಂಡೇ ಪ್ರಶ್ನೆ ಕೇಳಿದ್ದೆ. ಇದನ್ನು ಈಗ ಮೂರು ಸಾಲಿನಲ್ಲಿ ಬರೆದೆ. ಒಳಗೆ ಇಳಿಯಲು ಬಹಳ ಕಾಲ ಬೇಕಾಯಿತು.

ಇದಕ್ಕೆಲ್ಲ ಗಣಿತದಲ್ಲಿ ಪರಿಹಾರವಿದೆಯಲ್ಲ ಎಂದು ಓದಿದವರು ಕೇಳುತ್ತಾರೆ. 1958ರಲ್ಲಿ ಎಡ್ವರ್ಡ್ ಕ್ಯಾಪ್ಲನ್ ಮತ್ತು ಪಾಲ್ ಮೇಯರ್ ಎಂಬಿಬ್ಬರು ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮೇಯರ್ ರೋಗಿಗಳ ಲೆಕ್ಕ ಮಾಡುತ್ತಿದ್ದವರು. ಕ್ಯಾಪ್ಲನ್ ಬೆಲ್ ಟೆಲಿಫೋನ್ ಪ್ರಯೋಗಾಲಯದಲ್ಲಿ, ಸಮುದ್ರದಡಿಯ ಟೆಲಿಫೋನ್ ಕೇಬಲ್ಲಿಗೆ ಹಾಕುವ ನಿರ್ವಾತ ಕೊಳವೆಗಳು ಎಷ್ಟು ಕಾಲ ಬಾಳುತ್ತವೆಂದು ನೋಡುತ್ತಿದ್ದವರು. ಇಬ್ಬರೂ ಬೇರೆ ಬೇರೆಯಾಗಿ ಒಂದೇ ವಿಧಾನ ಕಂಡುಕೊಂಡು ಒಂದೇ ಪತ್ರಿಕೆಗೆ ಕಳಿಸಿದ್ದರು. ಸಂಪಾದಕರು ಇಬ್ಬರನ್ನೂ ಒಪ್ಪಿಸಿ ಒಂದೇ ಪ್ರಬಂಧ ಮಾಡಿಸಿದರು, ಅದಕ್ಕೆ ನಾಲ್ಕು ವರ್ಷ ಹಿಡಿಯಿತು. ಇವತ್ತು ಕ್ಯಾನ್ಸರ್ ಕುರಿತ ಯಾವ ವೈದ್ಯಕೀಯ ಪತ್ರಿಕೆ ತೆರೆದರೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅವರ ಗೆರೆ ಕಾಣುತ್ತದೆ.

ಆ ವಿಧಾನದ ಚೆಲುವು ಅರ್ಧ ಗೊತ್ತಿರುವವರನ್ನೂ ಬಿಡದೆ ಸೇರಿಸಿಕೊಳ್ಳುವುದರಲ್ಲಿದೆ. ಮೂರು ವರ್ಷ ಬಂದು ಆಮೇಲೆ ಕಾಣದವರನ್ನು ಆ ಮೂರು ವರ್ಷದ ಮಟ್ಟಿಗೆ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ, ಅಲ್ಲಿಂದಾಚೆಗೆ ಇಳಿಸಿಬಿಡುತ್ತಾರೆ. ಬಸ್ಸಿನಲ್ಲಿ ನಡುದಾರಿಯಲ್ಲಿ ಇಳಿದವರ ಟಿಕೆಟ್ಟಿನಂತೆ, ಬಂದಷ್ಟು ದೂರ ಲೆಕ್ಕ. ಇಳಿಸುವುದಕ್ಕೆ ನಾವು ಸೆನ್ಸಾರ್ ಮಾಡುವುದು ಎನ್ನುತ್ತೇವೆ. ಆದರೆ ಈ ಲೆಕ್ಕ ನಿಂತಿರುವುದು ಒಂದು ನಂಬಿಕೆಯ ಮೇಲೆ. ಇಳಿದುಹೋದವರ ಮುಂದಿನ ಗತಿಯೂ ಬಸ್ಸಿನಲ್ಲೇ ಕೂತವರ ಗತಿಯೂ ಒಂದೇ ತರಹ ಎಂಬ ನಂಬಿಕೆ ಅದು. ಹಿರಿಯರ ಹಾಳೆಯ ನೂರು ಹೆಂಗಸರನ್ನು ಈ ವಿಧಾನಕ್ಕೆ ಕೊಟ್ಟು ನೋಡಿ. ಐವತ್ತು ಮಂದಿ ಮೊದಲ ದಿನವೇ ಇಳಿದರು, ಉಳಿದ ಐವತ್ತರಲ್ಲಿ 25 ಮಂದಿ ಬದುಕಿದರು, ಉತ್ತರ ಅದೇ ಶೇ. 50. ನೆಲದ ಮೇಲಿಟ್ಟಿದ್ದ ಫೈಲುಗಳನ್ನು ಮೇಜಿನ ಮೇಲೆ ತಂದಿಟ್ಟಂತೆ ಕಾಣುತ್ತದೆ, ಸಂಖ್ಯೆ ಮಾತ್ರ ಕದಲುವುದಿಲ್ಲ. ಸುದ್ದಿ ಇಲ್ಲದ ಮನೆಗೆ ಯಾರಾದರೂ ಹೋಗಿ ಬಾಗಿಲು ತಟ್ಟದೆ ಬೇರೆ ದಾರಿಯಿಲ್ಲ.

ಹಾಗೆ ನನ್ನನ್ನು ಹೊರಡಿಸಿದರು. ಮೊದಲು ಕಾಗದ ಹಾಕಿದೆವು. ತೆರೆದ ಕಾರ್ಡಿನಲ್ಲಿ ಕ್ಯಾನ್ಸರ್ ಎಂಬ ಪದ ಬರಬಾರದು. ಅಂಚೆಯವರು ಓದುತ್ತಾರೆ, ಊರು ಓದುತ್ತದೆ. ಅನೇಕ ಕಾರ್ಡುಗಳು ಮನೆ ಬಿಟ್ಟಿದ್ದಾರೆ, ವಿಳಾಸ ಸಾಲದು ಎಂಬ ಷರಾ ಹೊತ್ತು ಹಿಂದಕ್ಕೆ ಬಂದವು. ವಿಳಾಸ ಎಂದರೆ ಎಂಥದು? ಮಾರಮ್ಮನ ಗುಡಿ ಹಿಂದೆ, ಹಾಲಿನ ಡೈರಿ ಪಕ್ಕ, ಇಂಥವರ ಹೆಂಡತಿ. ಬಸ್ಸು ಇಳಿದು ಕೇಳಿಕೊಂಡು ಹೋಗಬೇಕು.

ಮಳವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಕೇಳಿಕೊಂಡು ಹೋದ ಮನೆಯ ಜಗಲಿಯ ಮೇಲೆ ನಿಂತು, ಕೈಯಲ್ಲಿದ್ದ ಫಾರಂ ನೋಡಿಕೊಂಡು, ಅದರಲ್ಲಿದ್ದ ಪ್ರಶ್ನೆಯನ್ನೇ ಕೇಳಿಬಿಟ್ಟೆ: “ಅವರು ಬದುಕಿದ್ದಾರಾ?” ಒಳಗಿಂದ ಬಂದ ಸೊಸೆಯ ಮುಖ ಬಿಗಿಯಿತು. ಹೊಸ್ತಿಲ ಮುಂದೆ ನಿಂತು ಯಾರೂ ಕೇಳಬಾರದ ಮಾತು ಅದು. ಆಮೇಲೆ ಕಲಿತೆ. ಅಮ್ಮ ಹೇಗಿದ್ದಾರೆ ಎಂದು ಕೇಳಬೇಕು. ಚೆನ್ನಾಗವ್ರೆ ಎಂದರೆ ಒಂದು ಉತ್ತರ, ಕಣ್ಣು ಕೆಳಗಾದರೆ ಇನ್ನೊಂದು. ಫಾರಂನಲ್ಲಿ ಇದ್ದದ್ದು ಎರಡು ಚೌಕ, ಜೀವಂತ, ಮೃತ. ಆ ಎರಡು ಚೌಕಕ್ಕೆ ಬೇಕಾದ ಉತ್ತರವನ್ನು ಆ ಎರಡು ಪದ ಬಳಸದೆ ಪಡೆಯುವುದೇ ಈ ಕೆಲಸದ ಅರ್ಧ ಭಾಗ.

ಸೊಸೆ ನನ್ನನ್ನು ಒಳಗೆ ಕೂರಿಸಿ ನೀರು ಕೊಟ್ಟಳು. ನಡುಮನೆಯ ಗೋಡೆಯಲ್ಲಿ, ತೊಲೆಗೆ ಸ್ವಲ್ಪ ಕೆಳಗೆ, ಫೋಟೊ ಇತ್ತು. ಪ್ಲಾಸ್ಟಿಕ್ ಹೂವಿನ ಹಾರ, ಗಾಜಿನ ಮೇಲೆ ಕುಂಕುಮ, ಮೇಲೊಂದು ಸಣ್ಣ ಕೆಂಪು ಬಲ್ಬು. ಫೋಟೊದ ಕೆಳಗೆ ಬಿಳಿ ಪಟ್ಟಿಯಲ್ಲಿ ಸ್ಟುಡಿಯೊದವರು ಬರೆದಿದ್ದರು. ಜನನ ಎಂಬುದರ ಮುಂದೆ ಒಂದು ಗೆರೆ, ಮರಣ ಎಂಬುದರ ಮುಂದೆ ಪೂರ್ತಿ ತಾರೀಖು. ಹುಟ್ಟಿದ ದಿನ ಗೊತ್ತಿಲ್ಲದ ಹೆಣ್ಣುಮಗಳ ಸತ್ತ ದಿನ ಅಷ್ಟು ಖಚಿತವಾಗಿ ಗೋಡೆಯ ಮೇಲಿತ್ತು. ನಮ್ಮ ಆಸ್ಪತ್ರೆಯ ಫೈಲಿನಲ್ಲಿ ಇದಕ್ಕೆ ತಿರುಗುಮುರುಗು. ಹುಟ್ಟಿದ ದಿನದ ಜಾಗದಲ್ಲಿ ಯಾರೋ ಅಂದಾಜು ವಯಸ್ಸು ಹಾಕಿದ್ದರು, ಸಾವಿನ ಜಾಗ ಖಾಲಿ. ತಾರೀಖು ಬರೆದುಕೊಂಡೆ. ಆಸ್ಪತ್ರೆಗೆ ಮೊದಲ ಸಲ ಬಂದ ದಿನದಿಂದ ಎಣಿಸಿದರೆ ಎರಡು ತಿಂಗಳು ತುಂಬಿರಲಿಲ್ಲ.

“ಏಳು ವಾರ ಬೆಂಗ್ಳೂರಲ್ಲೇ ಇರ್ಬೇಕು ಅಂದ್ರು ಕಣಕ್ಕ, ಕರೆಂಟು ಕೊಡಕ್ಕೆ. ಯಾರು ಇಟ್ಕತಾರೆ? ಇವ್ರು ಗದ್ದೆ ಬುಟ್ಟು ಬರಂಗಿಲ್ಲ. ಅತ್ತೆನೇ ಬ್ಯಾಡ ಅಂದ್ಬುಟ್ರು,” ಎಂದಳು ಸೊಸೆ. ರೇಡಿಯೇಷನ್ನಿಗೆ ನಮ್ಮ ಕಡೆಯ ಜನ ಕರೆಂಟು ಎನ್ನುತ್ತಾರೆ. ಏಳು ವಾರವೆಂದರೆ ಒಂದು ಬೆಳೆಯ ಅರ್ಧ ಕಾಲ. ಆಕೆ ಕಾಣೆಯಾದದ್ದು ಸುಮ್ಮನೆ ಅಲ್ಲ. ದೂರ, ಬಡತನ, ಜೊತೆಗೆ ಬರುವವರಿಲ್ಲದಿರುವುದು, ರೋಗ ಆಗಲೇ ಬಲಿತಿದ್ದದ್ದು ಎಲ್ಲ ಸೇರಿ ಆಕೆಯನ್ನು ಬಸ್ಸಿನಿಂದ ಇಳಿಸಿದವು. ಅವೇ ಆಕೆಯನ್ನು ಬೇಗ ಸಾಯಿಸಿದವು ಕೂಡ. ಇಳಿದವರೂ ಕೂತವರೂ ಒಂದೇ ಎನ್ನುವ ನಂಬಿಕೆ ಆ ನಡುಮನೆಯಲ್ಲಿ ನನ್ನ ಕಣ್ಣೆದುರೇ ಬಿದ್ದುಹೋಯಿತು.

ಹಾಗಾದರೆ ಕಾಣದವರೆಲ್ಲ ಸತ್ತರು ಎಂದು ಬರೆದುಬಿಡೋಣವೇ? ಕೆಲವು ದಿನ ನಾನು ಹಾಗೇ ಯೋಚಿಸಿದೆ. ಕೋಲಾರ ಕಡೆಯ ಒಂದು ಊರಿಗೆ ಹೋಗುವ ಮೊದಲೇ ಒಂದು ಫೈಲಿನ ಮೇಲೆ ಪೆನ್ಸಿಲಿನಲ್ಲಿ ಅಂದಾಜು ಗುರುತು ಹಾಕಿಕೊಂಡಿದ್ದೆ. ಹೋದರೆ ಆ ಹೆಂಗಸು ಅಂಗಳದಲ್ಲಿ ಮೊರ ಇಟ್ಟುಕೊಂಡು ಕಡಲೆಕಾಯಿ ಸುಲಿಯುತ್ತಿದ್ದರು. ಚಿಕಿತ್ಸೆ ಪೂರ್ತಿ ಮುಗಿಸಿ ಎರಡು ವರ್ಷ ಬಂದು, ಆಮೇಲೆ ನಿಲ್ಲಿಸಿದ್ದರು. “ಚೆನ್ನಾಗಿದೀನಲ್ಲ ಮೇಡಂ, ಏನಕ್ಕೆ ಬರ್ಲಿ? ಆ ಗೇಟು ನೋಡಿದ್ರೇ ಹೊಟ್ಟೆ ತೊಳಸುತ್ತೆ,” ಎಂದರು. ಪಕ್ಕದ ಮನೆಯವರು ಇಣುಕಿದಾಗ ನನ್ನನ್ನು ಸಂಘದ ಸಾಲದವರು ಎಂದು ಪರಿಚಯಿಸಿದರು. ಮಗಳಿಗೆ ಗಂಡು ನೋಡುತ್ತಿದ್ದರು, ರೋಗದ ಸುದ್ದಿ ಹೊರಗೆ ಹೋಗುವಂತಿರಲಿಲ್ಲ. ನಾನೂ ಸಾಲದವಳ ಹಾಗೆಯೇ ಎರಡು ಮಾತಾಡಿ, ಕಾಫಿ ಕುಡಿದು ಎದ್ದೆ. ಬಸ್ಸಿನಲ್ಲಿ ಕೂತು ಪೆನ್ಸಿಲ್ ಗುರುತು ಅಳಿಸಿದೆ. ರಬ್ಬರು ಸರಿಯಿಲ್ಲದೆ ಕಲೆ ಉಳಿಯಿತು, ಆ ಫೈಲಿನ ಮೇಲೆ ಈಗಲೂ ಇದೆ.

ಕಾಣೆಯಾಗುವವರಲ್ಲಿ ಎರಡೂ ತುದಿಯವರಿರುತ್ತಾರೆ. ರೋಗ ಮೀರಿ ಬರಲಾಗದವರು ಒಂದು ಕಡೆ, ವಾಸಿಯಾಗಿ ಬರಲು ಮನಸ್ಸಿಲ್ಲದವರು ಇನ್ನೊಂದು ಕಡೆ. ಯಾರು ಎಷ್ಟು ಎಂಬುದು ಊರಿಂದ ಊರಿಗೆ, ರೋಗದ ಹಂತದಿಂದ ಹಂತಕ್ಕೆ ಬೇರೆ. ಮುಂಬಯಿ, ಚೆನ್ನೈಗಳ ಸಂಖ್ಯಾಶಾಸ್ತ್ರಜ್ಞರು ಈ ವಿಷಯವನ್ನು ಗಂಭೀರವಾಗಿ ಹಿಡಿದರು. ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನ ಆರ್. ಸ್ವಾಮಿನಾಥನ್ ಮೊದಲಾದವರ ಕೆಲಸದಲ್ಲಿ, ಕಾಣೆಯಾದವರನ್ನು ವಯಸ್ಸು, ರೋಗದ ಹಂತ, ಊರಿನ ದೂರ ಮುಂತಾದವುಗಳಿಂದ ಗುಂಪು ಮಾಡಿ, ಅದೇ ಗುಂಪಿನಲ್ಲಿ ಸುದ್ದಿ ಸಿಕ್ಕವರ ಗತಿಯ ಆಧಾರದ ಮೇಲೆ ಅಂದಾಜು ಕಟ್ಟುವ ಕ್ರಮವಿದೆ. ಶ್ರೀಮಂತ ದೇಶಗಳಲ್ಲಿ ಸಾವಿನ ದಾಖಲೆ ತಾನಾಗಿ ನೋಂದಣಿ ಕಚೇರಿಯಿಂದ ಹರಿದು ಬರುವುದರಿಂದ ಅಲ್ಲಿನವರಿಗೆ ಇದು ಇಷ್ಟು ಕಾಡಲಿಲ್ಲ. ಮನೆಮನೆ ಅಲೆಯಬೇಕಾದವರಿಗೇ ಹೊಳೆಯಬೇಕಾದ ಲೆಕ್ಕ ಇದು.

ನಮ್ಮಲ್ಲಿ ಕ್ಯಾನ್ಸರ್ ನೋಂದಣಿಯ ಕೆಲಸ ಹೊಸದೇನಲ್ಲ. ಮುಂಬಯಿಯಲ್ಲಿ 1963ರಿಂದಲೇ ಇತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1981ರ ಕೊನೆಯಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿ, 1982ರ ಜನವರಿಯಿಂದ ಬೆಂಗಳೂರು, ಮುಂಬಯಿ, ಮದ್ರಾಸುಗಳಲ್ಲಿ ಜನಸಂಖ್ಯಾ ಆಧಾರಿತ ನೋಂದಣಿ ನಡೆಯತೊಡಗಿತು. ಬೆಂಗಳೂರಿನದು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ. 1998ರಲ್ಲಿ ಲಿಯಾನಿನ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಭಿವೃದ್ಧಿಶೀಲ ದೇಶಗಳ ಕ್ಯಾನ್ಸರ್ ಬದುಕುಳಿಕೆಯ ಬಗ್ಗೆ ಹೊರತಂದ ಪುಸ್ತಕದಲ್ಲಿ ಭಾರತದ ನಾಲ್ಕು ನೋಂದಣಿಗಳಿದ್ದವು: ಬೆಂಗಳೂರು, ಬಾರ್ಶಿ, ಮುಂಬಯಿ, ಮದ್ರಾಸು. ಆ ಕೋಷ್ಟಕಗಳ ಹಿಂದೆ ಕಾಗದ ಹಾಕಿ, ಸಾವಿನ ರಿಜಿಸ್ಟರು ತಿರುವಿ, ಮನೆಗಳಿಗೆ ನಡೆದ ಸೋಷಿಯಲ್ ಇನ್ವೆಸ್ಟಿಗೇಟರ್‌ಗಳಿದ್ದಾರೆ. ಅವರ ಹೆಸರು ಯಾವ ಪುಸ್ತಕದ ರಕ್ಷಾಪುಟದಲ್ಲೂ ಬರುವುದಿಲ್ಲ. ಬರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ನೋಂದಣಿಯ ಲೆಕ್ಕಕ್ಕೆ ದಾಖಲೆ ಆರಿಸುವಾಗ ಜಗತ್ತಿನೆಲ್ಲೆಡೆ ಒಪ್ಪಿಕೊಂಡ ಒಂದು ನಿಯಮವಿದೆ. ಒಬ್ಬರಿಗೆ ಕ್ಯಾನ್ಸರ್ ಇತ್ತೆಂಬುದು ಸಾವಿನ ಪ್ರಮಾಣಪತ್ರದಿಂದ ಮಾತ್ರ ತಿಳಿದಿದ್ದರೆ, ಬೇರೆ ಯಾವ ಆಸ್ಪತ್ರೆಯಲ್ಲೂ ಸುಳಿವು ಸಿಗದಿದ್ದರೆ, ಅವರನ್ನು ಬದುಕುಳಿಕೆಯ ಲೆಕ್ಕದಿಂದ ಬಿಡುತ್ತಾರೆ. 71 ದೇಶಗಳ 322 ನೋಂದಣಿಗಳಿಂದ ಸುಮಾರು 3 ಕೋಟಿ 75 ಲಕ್ಷ ರೋಗಿಗಳ ದಾಖಲೆ ತೆಗೆದುಕೊಂಡು 2018ರಲ್ಲಿ ಪ್ರಕಟವಾದ ಕಾನ್ಕಾರ್ಡ್ ಅಧ್ಯಯನದಲ್ಲೂ ಹಾಗೇ ಮಾಡಿದರು. ನಿಯಮದ ತರ್ಕ ಸರಿ. ರೋಗ ಪತ್ತೆಯಾದ ದಿನವೇ ಗೊತ್ತಿಲ್ಲದಿದ್ದರೆ ಎಲ್ಲಿಂದ ಎಣಿಸುವುದು? ಆದರೆ ಹಾಗೆ ಬಿಟ್ಟವರು ಯಾರು ಎಂದು ಒಂದು ಕ್ಷಣ ನಿಂತು ನೋಡಬೇಕು. ಬಹುಪಾಲು ವೈದ್ಯರ ಹತ್ತಿರ ಹೋಗುವಷ್ಟರಲ್ಲಿ ಕೈಮೀರಿದವರು, ದಿನಗಳಲ್ಲೋ ವಾರಗಳಲ್ಲೋ ತೀರಿಕೊಂಡವರು. ಅದಕ್ಕೇ ಅವರ ಪ್ರಮಾಣ ಎಷ್ಟೆಂದು ಪಕ್ಕದಲ್ಲಿ ಬರೆಯುವುದು ಪದ್ಧತಿ. ಪ್ರಮಾಣ ಕಡಿಮೆಯಿದ್ದರೆ ದಾಖಲೆ ಚೆನ್ನಾಗಿದೆ ಎಂದು ಅರ್ಥ.

ನಮ್ಮ ದೇಶದ ಮಟ್ಟಿಗೆ ಈ ಅರ್ಥ ಅಷ್ಟು ಸಲೀಸಲ್ಲ. ಸಾವಿನ ಕಾರಣದ ದೃಢೀಕರಣ ಕುರಿತ 2020ರ ಸರ್ಕಾರಿ ವರದಿಯಲ್ಲಿ, ನೋಂದಣಿಯಾದ ಸಾವುಗಳಲ್ಲೂ ವೈದ್ಯರು ಕಾರಣ ದೃಢೀಕರಿಸಿದ್ದು ಶೇ. 22.5ರಷ್ಟು. ಮಳವಳ್ಳಿಯ ಆ ಅತ್ತೆ ಸತ್ತದ್ದು ಮನೆಯಲ್ಲಿ. ಯಾವ ವೈದ್ಯರೂ ಬಂದು ಕಾರಣ ಬರೆದಿರಲಿಲ್ಲ. ಆಸ್ಪತ್ರೆಗೆ ಆ ಒಂದು ಸಲವೂ ಬರದೆ ಹೋಗಿದ್ದರೆ ಆಕೆ ಪ್ರಮಾಣಪತ್ರದಿಂದ ಮಾತ್ರ ತಿಳಿದವರ ಸಾಲಿಗೂ ಸೇರುತ್ತಿರಲಿಲ್ಲ, ಯಾವ ಸಾಲಿಗೂ ಸೇರುತ್ತಿರಲಿಲ್ಲ. ಹೊರಗಿಟ್ಟವರ ಪ್ರಮಾಣ ಕಡಿಮೆ ಎಂದು ಹೇಳುವಾಗ, ಹೊರಗಿಡುವುದಕ್ಕಾದರೂ ನಮ್ಮ ಕಣ್ಣಿಗೆ ಬಿದ್ದವರು ಎಷ್ಟು ಎಂದು ಕೇಳಿಕೊಳ್ಳಬೇಕಾಗುತ್ತದೆ.

ಯಾರನ್ನು ಆರಿಸುವುದು ಎಂಬಷ್ಟೇ ತೊಡಕಿನದು ಯಾವ ದಿನದಿಂದ ಎಣಿಸುವುದು ಎಂಬುದು. ತುಮಕೂರಿನಲ್ಲೋ ಹಾಸನದಲ್ಲೋ ಬಯಾಪ್ಸಿ ಮಾಡಿಸಿ, ದುಡ್ಡು ಹೊಂದಿಸಿಕೊಂಡು, ಆರು ತಿಂಗಳ ಮೇಲೆ ದೊಡ್ಡಾಸ್ಪತ್ರೆಗೆ ಬರುವವರಿದ್ದಾರೆ. ರೋಗ ಪತ್ತೆಯಾದದ್ದು ಬಯಾಪ್ಸಿಯ ದಿನ ಎಂಬ ನಿಯಮದಂತೆ ಅಲ್ಲಿಂದ ಎಣಿಸಿದರೆ, ಅವರ ಲೆಕ್ಕಕ್ಕೆ ಆರು ತಿಂಗಳು ಉಚಿತವಾಗಿ ಸೇರುತ್ತದೆ. ಅದೇ ದಿನ, ಅದೇ ಲ್ಯಾಬಿನಲ್ಲಿ, ಅದೇ ರಿಪೋರ್ಟು ತೆಗೆದುಕೊಂಡು ಐದನೇ ತಿಂಗಳಿಗೆ ತೀರಿಕೊಂಡ ಇನ್ನೊಬ್ಬರು ನಮ್ಮ ಆಸ್ಪತ್ರೆಯ ಬಾಗಿಲಿಗೇ ಬರಲಿಲ್ಲ. ಅವರ ಫೈಲು ತೆಳುವೂ ಅಲ್ಲ, ದಪ್ಪವೂ ಅಲ್ಲ, ಇಲ್ಲವೇ ಇಲ್ಲ. ನಮ್ಮ ರ್‍ಯಾಕಿನಲ್ಲಿರುವವರೆಲ್ಲ ಬಾಗಿಲವರೆಗೆ ಬದುಕಿ ಬಂದವರು ಎಂಬುದನ್ನು ಮರೆತರೆ ದೂರದ ಊರಿನವರು ಹತ್ತಿರದವರಿಗಿಂತ ಹೆಚ್ಚು ಬಾಳುತ್ತಾರೆ ಎಂಬ ಫಲಿತಾಂಶ ಬಂದುಬಿಡಬಹುದು.

ಇದೇ ಬಗೆಯ ತೊಡಕಿನ ಇನ್ನೊಂದು ಆಯ್ಕೆಯನ್ನು ವೈದ್ಯರೇ ಒಳ್ಳೆಯ ಮನಸ್ಸಿನಿಂದ ಕೇಳುತ್ತಾರೆ: ಚಿಕಿತ್ಸೆ ಪೂರ್ತಿ ಮುಗಿಸಿದವರ ಫೈಲು ಮಾತ್ರ ತೆಗೆಯಿರಿ, ಅರ್ಧಕ್ಕೆ ಬಿಟ್ಟವರ ಜೊತೆ ಹೋಲಿಸೋಣ. ಏಳೆಂಟು ವಾರದ ರೇಡಿಯೇಷನ್ ಮುಗಿಸಬೇಕಾದರೆ ಏಳೆಂಟು ವಾರ ಬದುಕಿರಬೇಕು. ನಾಲ್ಕನೇ ವಾರಕ್ಕೆ ತೀರಿಕೊಂಡವರು ತಾವಾಗಿಯೇ ಅರ್ಧಕ್ಕೆ ಬಿಟ್ಟವರ ಗುಂಪಿಗೆ ಬೀಳುತ್ತಾರೆ, ಆ ಗುಂಪಿನ ಗೆರೆ ಕೆಳಗಿಳಿಯುತ್ತದೆ, ಪೂರ್ತಿ ಚಿಕಿತ್ಸೆಯ ಗೆರೆ ಮೇಲೇಳುತ್ತದೆ. ಚಿಕಿತ್ಸೆಯಿಂದ ಲಾಭವಿಲ್ಲವೆಂದು ಇದರ ಅರ್ಥವಲ್ಲ. ಲಾಭ ಖಂಡಿತ ಇದೆ, ಈ ಹೋಲಿಕೆಯಿಂದ ಎಷ್ಟಿದೆ ಎಂದು ಮಾತ್ರ ತಿಳಿಯುವುದಿಲ್ಲ. ಜೇಮ್ಸ್ ಆಂಡರ್ಸನ್ ಮತ್ತು ಜೊತೆಗಾರರು 1983ರಲ್ಲೇ ಇಂಥ ಹೋಲಿಕೆಯ ದೋಷ ತೋರಿಸಿ, ಮೊದಲೇ ಒಂದು ದಿನ ಗೊತ್ತುಮಾಡಿ ಆ ದಿನಕ್ಕೆ ಬದುಕಿರುವವರನ್ನು ಮಾತ್ರ ಅಲ್ಲಿಂದ ಮುಂದಕ್ಕೆ ಎಣಿಸುವ ದಾರಿ ಹೇಳಿದರು. ಈ ಮಾತನ್ನು ನಾನು ವಿಭಾಗದ ಸಭೆಯಲ್ಲಿ ಎತ್ತಿದಾಗಲೆಲ್ಲ ಒಂದು ಸಣ್ಣ ಅಸಮಾಧಾನ ಹರಡುತ್ತದೆ. ಕಷ್ಟಪಟ್ಟು ಉಳಿಸಿದ ರೋಗಿಗಳನ್ನು ನಾನು ಕಡಿಮೆ ಮಾಡುತ್ತಿದ್ದೇನೆ ಎಂಬಂತೆ. ಅವರ ನೋವು ನನಗೆ ಅರ್ಥವಾಗುತ್ತದೆ.

ರೋಗದ ಹಂತದ ವಿಷಯ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಗರ್ಭಕೊರಳಿನ ಕ್ಯಾನ್ಸರಿಗೆ ಹಂತ ಗುರುತಿಸುವ ಫಿಗೊ ಕ್ರಮ 2018ರಲ್ಲಿ ಬದಲಾಯಿತು. ಸ್ಕ್ಯಾನಿನಲ್ಲಿ ದುಗ್ಧಗ್ರಂಥಿಗೆ ಹರಡಿದ್ದು ಕಂಡರೆ ಈಗ ಮೂರನೇ ಹಂತ. ಮೊದಲು ಅಂಥವರಲ್ಲಿ ಎಷ್ಟೋ ಮಂದಿ ಎರಡರಲ್ಲಿ ಇರುತ್ತಿದ್ದರು. ಒಂದು ಸೆಕ್ಷನ್ನಿನ ಹಿಂದುಳಿದ ಮಕ್ಕಳನ್ನು ಇನ್ನೂ ಹಿಂದುಳಿದ ಸೆಕ್ಷನ್ನಿಗೆ ಹಾಕಿದರೆ ಎರಡೂ ಕಡೆ ಸರಾಸರಿ ಅಂಕ ಏರುವಂತೆ, ಎರಡನೇ ಹಂತದವರೂ ಮೂರನೇ ಹಂತದವರೂ ಒಟ್ಟಿಗೆ ಸುಧಾರಿಸಿದಂತೆ ಕಾಣುತ್ತದೆ, ಒಬ್ಬ ಹೆಂಗಸಿನ ಆಯಸ್ಸೂ ಒಂದು ದಿನ ಹೆಚ್ಚದೆ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇದನ್ನು 1985ರಲ್ಲಿ ಆಲ್ವನ್ ಫೈನ್‌ಸ್ಟೀನ್ ಮತ್ತು ಸಂಗಡಿಗರು ತೋರಿಸಿದ್ದರು. ಈಗ 2018ರ ಆಚೀಚೆಯ ಫೈಲುಗಳನ್ನು ಬೆರೆಸುವಾಗ ನನ್ನ ಕೈ ತಡೆಯುತ್ತದೆ.

ಹೆಸರಿನ ಗೋಜಲಂತೂ ನಮ್ಮದೇ. ಲಕ್ಷ್ಮಮ್ಮ, ಲಕ್ಕಮ್ಮ, ಲಕ್ಷ್ಮೀದೇವಮ್ಮ ಮೂವರೂ ಒಬ್ಬರೇ ಇರಬಹುದು, ಮೂರು ಲಕ್ಷ್ಮಮ್ಮಂದಿರು ಬೇರೆ ಬೇರೆಯೂ ಇರಬಹುದು. ಒಬ್ಬರಿಗೇ ಎರಡು ಆಸ್ಪತ್ರೆ ನಂಬರಿದ್ದು, ಒಂದರಲ್ಲಿ ಮರಣ ಬರೆದಿದ್ದು, ಇನ್ನೊಂದರಲ್ಲಿ ಅವರು ಸುದ್ದಿಯಿಲ್ಲದವರಾಗಿ ಉಳಿದಿದ್ದನ್ನು ಕಂಡಿದ್ದೇನೆ. ಸತ್ತವರು ಅರ್ಧ ಸತ್ತಂತೆ ಲೆಕ್ಕಕ್ಕೆ ಬರುತ್ತಾರೆ. ಗಂಡನ ಹೆಸರು, ಊರು, ವಯಸ್ಸು ಹೊಂದಿಸಿ ನೋಡಬೇಕು. ತಾರೀಖಿನದೂ ಅಷ್ಟೆ. ಪಿತೃಪಕ್ಷಕ್ಕೆ ಎಂಟು ದಿನ ಮುಂಚೆ ಎಂದು ಮಗ ಹೇಳಿದರೆ ಆ ವರ್ಷದ ಪಂಚಾಂಗ ತೆಗೆಯುತ್ತೇನೆ. ತಿಂಗಳು ಮಾತ್ರ ಗೊತ್ತಾದರೆ 15ನೇ ತಾರೀಖು ಹಾಕುವುದು ವಾಡಿಕೆ. ಕೆಲವರ ಮನೆಯಲ್ಲಿ ಕೈಲಾಸ ಸಮಾರಾಧನೆಯ ಕಾರ್ಡು ಉಳಿದಿರುತ್ತದೆ, ಅದರ ಮೊದಲ ಸಾಲಿನಲ್ಲೇ ದೈವಾಧೀನರಾದ ದಿನ ಅಚ್ಚಾಗಿರುತ್ತದೆ. ಯಾವ ಸರ್ಕಾರಿ ಕಾಗದಕ್ಕಿಂತ ಆ ಕಾರ್ಡನ್ನು ನಾನು ಹೆಚ್ಚು ನಂಬುತ್ತೇನೆ. ಊಟಕ್ಕೆ ಕರೆಯುವಾಗ ಯಾರೂ ತಾರೀಖು ತಪ್ಪಿಸುವುದಿಲ್ಲ.

ಇಷ್ಟೆಲ್ಲ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಹತ್ತರ ವ್ಯತ್ಯಾಸ ತಾನೆ, ನಲವತ್ತಾದರೇನು, ಐವತ್ತಾದರೇನು? ಆ ಸಂಖ್ಯೆ ಪತ್ರಿಕೆಯಲ್ಲಷ್ಟೇ ಉಳಿಯುವುದಿಲ್ಲ. ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕೂತ ಮಗ, ನಮ್ಮಮ್ಮ ಉಳೀತಾರಾ ಡಾಕ್ಟ್ರೇ ಎಂದು ಕೇಳಿದಾಗ ವೈದ್ಯರ ಮನಸ್ಸಿನಲ್ಲಿ ಬರುವ ಉತ್ತರ ಅದು. ಎಮ್ಮೆ ಮಾರಬೇಕೋ, ಚಿನ್ನ ಅಡ ಇಡಬೇಕೋ ಎಂದು ಮನೆಯವರು ತೂಗುವುದು ಅದರ ಮೇಲೆ. ಸುದ್ದಿಯಿಲ್ಲದವರನ್ನು ಬಿಟ್ಟು ಐವತ್ತು ಎಂದರೆ, ದೂರದ ಊರಿನಿಂದ ಬರುವವರಿಗೆ ರಾತ್ರಿ ಉಳಿಯಲು ಜಾಗ ಬೇಕು, ಜಿಲ್ಲೆಗೊಂದು ರೇಡಿಯೇಷನ್ ಯಂತ್ರ ಬೇಕು ಎಂದು ಹೇಳಬೇಕಾದ ದಾಖಲೆಯೇ ಎಲ್ಲವೂ ಚೆನ್ನಾಗಿದೆ ಎಂದು ಹೇಳಿಬಿಡುತ್ತದೆ. ಬಡವರನ್ನು ಚಿಕಿತ್ಸೆ ಒಂದು ಸಲ ಕೈಬಿಟ್ಟಿತು, ಫೈಲಿನ ಆಯ್ಕೆ ಎರಡನೇ ಸಲ ಕೈಬಿಡುತ್ತದೆ.

ಈಗ ನಾನು ಫೈಲು ಮುಟ್ಟುವ ಮೊದಲು ನಿಯಮ ಬರೆದು, ತಾರೀಖು ಹಾಕಿ, ಸಹಿ ಮಾಡಿಸುತ್ತೇನೆ. ಫಲಿತಾಂಶ ನೋಡಿದ ಮೇಲೆ ಅದನ್ನು ತಿದ್ದುವಂತಿಲ್ಲ. ಎಷ್ಟು ಫೈಲು ಕೈಗೆ ಬಂದವು, ಎಷ್ಟನ್ನು ಬಿಟ್ಟೆವು, ಒಂದೊಂದನ್ನೂ ಯಾಕೆ ಬಿಟ್ಟೆವು ಎಂಬ ಹಾಳೆ ವರದಿಯ ಮೊದಲ ಪುಟದಲ್ಲಿ ಇರಲೇಬೇಕು. ಕಾಣೆಯಾದವರೆಲ್ಲ ಸತ್ತಿದ್ದರೆ ಎಷ್ಟು, ಎಲ್ಲ ಬದುಕಿದ್ದರೆ ಎಷ್ಟು ಎಂಬ ಎರಡು ಸಂಖ್ಯೆಗಳನ್ನೂ ಹಾಕುತ್ತೇನೆ. ಓದುವವರಿಗೆ ಅವು ಅಸಹನೆ ತರಿಸುತ್ತವೆ, ಯಾಕೆಂದರೆ ನಡುವಿನ ಅಂತರ ದೊಡ್ಡದು. ಆ ಅಂತರ ನಾವು ಹೋಗದೆ ಬಿಟ್ಟ ಮನೆಗಳದ್ದು.

ಹೋದ ತಿಂಗಳು ಹೊಸದಾಗಿ ಸೇರಿದ ಹುಡುಗ ಒಂದು ತೆಳು ಫೈಲು ಹಿಡಿದು ಬಂದ. ಮೇಡಂ, ಇದನ್ನ ಬಿಡೋಣವಾ, ಫೋನ್ ನಂಬರಿನಲ್ಲಿ ಒಂಬತ್ತೇ 
ಅಂಕಿ ಇದೆ ಎಂದ. ನೋಡಿದೆ. ಹಾಳೆಯ ಅಂಚಿನಲ್ಲಿ ಬರೆದಿದ್ದ ನಂಬರಿನ ಕೊನೆಯ ಅಂಕಿ ಇದ್ದ ಜಾಗದಲ್ಲಿ ಟ್ಯಾಗ್ ದಾರಕ್ಕೆ ಪಂಚ್ ಮಾಡಿದ ತೂತು ಇತ್ತು. ಆ ಅಂಕಿ ಯಾವತ್ತೋ ಪಂಚಿಂಗ್ ಮೆಷಿನ್ನಿನ ಹೊಟ್ಟೆಗೆ ಹೋಗಿತ್ತು. ಉಳಿದಿರುವುದು ಹತ್ತೇ ಸಾಧ್ಯತೆ ಅಲ್ಲವೇನಪ್ಪ ಎಂದೆ. ಸೊನ್ನೆಯಿಂದ ಶುರುಮಾಡಿದ. ರೋಗದ ಮಾತು ಎತ್ತಬಾರದು, ಹೆಸರು ಮಾತ್ರ ಕೇಳಬೇಕು, ತಪ್ಪು ನಂಬರಾದರೆ ಕ್ಷಮಿಸಿ ಎಂದು ಇಡಬೇಕು ಎಂದು ಹೇಳಿಕೊಟ್ಟೆ. ಒಂದು ಬಂದ್, ಒಂದು ರಾಯಚೂರಿನ ಯಾರೋ, ಇನ್ನೊಬ್ಬರು ಬೈದರು. ಆರಕ್ಕೆ ಒಬ್ಬ ಗಂಡಸು ಎತ್ತಿಕೊಂಡ. ಹೆಸರು ಕೇಳಿದ್ದಕ್ಕೆ ಹೂಂ ನಮ್ಮ ಮನೆಯೇ ಎಂದ. ಹುಡುಗ ನನ್ನ ಮುಖ ನೋಡಿದ, ನಾನು ತಲೆಯಾಡಿಸಿದೆ.

“ಅಮ್ಮ ಹೇಗಿದ್ದಾರೆ?” ಎಂದು ಕೇಳಿದ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಎಲ್ಲೋ ಕುಕ್ಕರಿನ ಸೀಟಿ ಕೇಳಿಸಿತು. ಆಮೇಲೆ ಆತ, “ತಡೀರಿ, ಕೊಡ್ತೀನಿ,” ಎಂದ.